ಎಡಬಲ ತಿರುಗದ ದಾರಿ: ಜಿಯೋಡೆಸಿಕ್ ಅಂದರೇನು?

ಮಡಿಕೇರಿಯಿಂದ ತಲಕಾವೇರಿಗೆ ಎಷ್ಟು ದೂರ? ಬಸ್ಸಿನಲ್ಲಿ ಹೋಗುವವರನ್ನು ಕೇಳಿದರೆ ಸುಮಾರು 45 ಕಿ.ಮೀ. ಅನ್ನುತ್ತಾರೆ. ತಿರುವಿನ ಮೇಲೆ ತಿರುವು, ಭಾಗಮಂಡಲ ದಾಟಿದ ಮೇಲೆ ಮತ್ತೆ ಏರು. ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆದರೆ ಸುಮಾರು 27 ಕಿ.ಮೀ. ಮಾತ್ರ. ರಸ್ತೆಯ ಗೊಡವೆಯೇ ಇಲ್ಲದ ಹಕ್ಕಿಗೆ ಅಷ್ಟೇ ದೂರ.

ಈ 27 ಕಿ.ಮೀ. ನೇರ ದಾರಿ ಅಂತ ನಾವು ಒಪ್ಪಿಕೊಂಡುಬಿಡುತ್ತೇವೆ. ಆದರೆ ಭೂಮಿ ಗುಂಡಗಿದೆ, ಅಲ್ವಾ? ಹಕ್ಕಿ ಒಂದೇ ಎತ್ತರದಲ್ಲಿ ಹಾರಿದರೂ ಅದರ ದಾರಿ ಭೂಮಿಯ ಜೊತೆಗೇ ಬಾಗುತ್ತದೆ. ಒಂದಿಷ್ಟೂ ಬಾಗದ ಗೆರೆ ಬೇಕೆಂದರೆ ನೆಲದೊಳಗೆ ಸುರಂಗ ಕೊರೆಯಬೇಕು. ಬೆಟ್ಟಗುಡ್ಡ ಮರೆತು, ಭೂಮಿ ನುಣುಪಾದ ಚೆಂಡು ಅಂದುಕೊಂಡು ನಾನು ಲೆಕ್ಕ ಹಾಕಿದೆ. ಆ ಸುರಂಗ ನಡುಮಧ್ಯದಲ್ಲಿ ನೆಲಮಟ್ಟದಿಂದ ಸುಮಾರು 14 ಮೀಟರ್ ಕೆಳಗಿರುತ್ತದೆ. ಅಷ್ಟೆಲ್ಲ ಅಗೆದರೂ ಉಳಿಯುವ ದೂರ ಬರೀ 2 ಸೆಂಟಿಮೀಟರ್!

ಸುರಂಗ ಕೊರೆಯುವಂತಿಲ್ಲ, ಮೇಲ್ಮೈ ಬಿಟ್ಟು ಕದಲುವಂತಿಲ್ಲ. ಈ ಷರತ್ತಿನೊಳಗೆ ಸಿಗುವ ನೇರ ದಾರಿಗೆ ಜಿಯೋಡೆಸಿಕ್ ಅನ್ನುತ್ತಾರೆ. ಗ್ರೀಕ್ ಮೂಲದ ಪದ. ಭೂಮಿ ಅನ್ನುವ ಪದಕ್ಕೆ ಭಾಗ ಮಾಡು ಅನ್ನುವ ಪದ ಸೇರಿ ಆದದ್ದು. ಅಂದರೆ ಮೊದಲಿಗೆ ಇದು ಜಮೀನು ಅಳೆಯುವವರ ಮಾತು. ಅಲ್ಲಿಂದ ಹೊರಟು ಗಣಿತ, ಭೌತಶಾಸ್ತ್ರ, ಕಟ್ಟಡ ಕಟ್ಟುವವರ ಕೆಲಸ, ಮೂರರಲ್ಲೂ ಬೇರೂರಿದೆ.

ಜಿಯೋಡೆಸಿಕ್ ಅಂದರೆ ಅತಿ ಕಡಿಮೆ ದೂರದ ದಾರಿ ಅಂತ ಹೇಳಿಕೊಡುವುದೇ ಜಾಸ್ತಿ. ಅದು ಪೂರ್ತಿ ತಪ್ಪಲ್ಲ. ಆದರೆ ಅಲ್ಲಿಂದ ಶುರು ಮಾಡಿದವರು ಮುಂದೆ ಎಡವುತ್ತಾರೆ. ನಾನೂ ಎಡವಿದ್ದೆ. ನನಗೆ ಕೊನೆಗೆ ಕೈಹಿಡಿದ ಅರ್ಥ ಬೇರೆ: ಎಡಕ್ಕೂ ತಿರುಗದೆ, ಬಲಕ್ಕೂ ತಿರುಗದೆ ಮುಂದಕ್ಕೇ ಹೋಗುವವನ ದಾರಿ. ನೆಲ ಬಾಗಿದರೆ ಬಾಗಲಿ. ಅವನು ತಿರುಗಬಾರದು, ಅಷ್ಟೇ.

ಇದನ್ನು ಕೈಯಲ್ಲಿ ಹಿಡಿದು ನೋಡಲು ಒಂದು ಬಿದಿರಿನ ಸೀಳು ಸಾಕು. ನಮ್ಮಲ್ಲಿ ಬುಟ್ಟಿ ಹೆಣೆಯುವ ಮೇದರ ಕೈಯಲ್ಲಿರುತ್ತದಲ್ಲ, ತೆಳ್ಳಗೆ, ಚಪ್ಪಟೆಯಾಗಿ ಸೀಳಿದ್ದು, ಅದೇ. ಅದನ್ನು ಮೇಲಕ್ಕೂ ಕೆಳಕ್ಕೂ ಸಲೀಸಾಗಿ ಬಗ್ಗಿಸಬಹುದು. ತಿರುಚಲೂ ಬಹುದು. ಆದರೆ ಮೇಜಿನ ಮೇಲೆ ಚಪ್ಪಟೆ ಇಟ್ಟು ಪಕ್ಕಕ್ಕೆ ಬಗ್ಗಿಸಿ ನೋಡಿ. ಬಗ್ಗುವುದಿಲ್ಲ. ಬಲವಂತ ಮಾಡಿದರೆ ಒಂದು ಅಂಚು ಮೇಲೆದ್ದುಬಿಡುತ್ತದೆ. ಅಂದರೆ ಎಡಬಲಕ್ಕೆ ತಿರುಗುವುದು ಅದರ ಹುಟ್ಟಿನಲ್ಲೇ ಇಲ್ಲ. ಹಾಗಾಗಿ ಅದನ್ನು ಯಾವುದೇ ಬಾಗಿದ ವಸ್ತುವಿನ ಮೇಲೆ ಎಲ್ಲೂ ಮೇಲೇಳದಂತೆ ಒತ್ತಿ ಹಾಸಿದರೆ ಅದು ಜಿಯೋಡೆಸಿಕ್ ಮೇಲೇ ಕೂರುತ್ತದೆ. ಲೆಕ್ಕ ಬೇಡ, ಸೂತ್ರ ಬೇಡ. ಬಿದಿರು ಸಿಗದವರು ಸಪೂರ ಸೆಲ್ಲೋಟೇಪ್ ತೆಗೆದುಕೊಳ್ಳಬಹುದು.

ಈಗ ಒಂದು ಕಿತ್ತಳೆ ಹಣ್ಣು ತನ್ನಿ. ಕೊಡಗಿನ ಕಿತ್ತಳೆಯೇ ಆಗಬೇಕಿಲ್ಲ, ಗುಂಡಗಿದ್ದರೆ ಸಾಕು. ತೊಟ್ಟು ಉತ್ತರ ಧ್ರುವ, ಎದುರಿನ ಬುಡ ದಕ್ಷಿಣ ಧ್ರುವ. ನಡುವಿನಲ್ಲಿ ಸೊಂಟದ ಸುತ್ತ ಟೇಪ್ ಅಂಟಿಸಿ. ಸುಕ್ಕಿಲ್ಲದೆ ಕೂರುತ್ತದೆ. ಈಗ ತೊಟ್ಟಿನ ಹತ್ತಿರ ಚಿಕ್ಕ ಬಳೆಯ ಹಾಗೆ ಸುತ್ತಿ. ಒಂದು ಅಂಚು ಸುಕ್ಕಾಗುತ್ತದೆ. ಸೊಂಟದ ಗೆರೆ ಜಿಯೋಡೆಸಿಕ್, ತೊಟ್ಟಿನ ಸುತ್ತಿನದು ಅಲ್ಲ. ಗೋಳದ ಮೇಲೆ ಜಿಯೋಡೆಸಿಕ್‌ಗಳೆಂದರೆ ಗೋಳವನ್ನು ಸರಿಯಾಗಿ ಎರಡು ಪಾಲು ಮಾಡುವ ವೃತ್ತಗಳು ಮಾತ್ರ. ಅವಕ್ಕೆ ಮಹಾವೃತ್ತ ಅನ್ನುತ್ತಾರೆ. ಭೂಮಧ್ಯರೇಖೆ ಮಹಾವೃತ್ತ. ಎದುರುಬದುರಿನ ಎರಡು ರೇಖಾಂಶ ಸೇರಿದರೂ ಮಹಾವೃತ್ತ. ಮಡಿಕೇರಿಯ ಮೇಲೆ ಹಾದುಹೋಗುವ ಅಕ್ಷಾಂಶ ಅಲ್ಲ. ಅದರ ಮೇಲೇ ನಡೆಯುತ್ತಾ ಹೋಗಬೇಕಾದರೆ ಉತ್ತರದ ಕಡೆಗೆ ಚೂರುಚೂರೇ ತಿರುಗುತ್ತಲೇ ಇರಬೇಕು.

ವಿಮಾನದ ಪರದೆಯಲ್ಲಿ ದಾರಿ ಡೊಂಕಾಗಿ ಕಾಣುವುದಕ್ಕೂ ಇದೇ ಕಾರಣ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ಹಾರಿ ಬಂತು. ಬಿಸಿಲಿನ ಬೆಂಗಳೂರಿಗೆ ಬರಲು ಹಿಮದ ಧ್ರುವ ಯಾಕೆ ಸುತ್ತಬೇಕು ಅನ್ನಿಸುತ್ತದೆ. ಸುತ್ತಲೇ ಇಲ್ಲ ಅವರು. ಎರಡೂ ಊರುಗಳ ರೇಖಾಂಶಗಳ ನಡುವೆ ಸುಮಾರು 160 ಡಿಗ್ರಿ ಅಂತರವಿದೆ. ಕಿತ್ತಳೆಯಲ್ಲಿ ಎರಡೂ ಊರಿಗೆ ಗುಂಡುಸೂಜಿ ಚುಚ್ಚಿ ನಡುವೆ ದಾರ ಬಿಗಿದು ನೋಡಿ. ದಾರ ತಾನಾಗಿಯೇ ತೊಟ್ಟಿನ ಪಕ್ಕಕ್ಕೆ ಜಾರುತ್ತದೆ. ಆ ದಾರಿ ಸುಮಾರು 14,000 ಕಿ.ಮೀ. ನಾವು ಶಾಲೆಯಲ್ಲಿ ನೋಡಿದ ಗೋಡೆ ನಕ್ಷೆಗಳು ಹೆಚ್ಚಾಗಿ 1569ರಲ್ಲಿ ಮರ್ಕೇಟರ್ ಮಾಡಿದ ನಕ್ಷೆಯ ಸಂತತಿ. ಅದರಲ್ಲಿ ನೇರ ಗೆರೆ ಎಳೆದರೆ ದಿಕ್ಸೂಚಿಯ ಒಂದೇ ಕೋನ ಹಿಡಿದು ಹೋಗುವ ದಾರಿ ಸಿಗುತ್ತದೆ. ಹಡಗಿನವರಿಗೆ ಅದು ಬಹಳ ಉಪಯೋಗಿ. ಆದರೆ ಅದು ಜಿಯೋಡೆಸಿಕ್ ಅಲ್ಲ.

ಕಿತ್ತಳೆ ಬಿಟ್ಟು ತೋಟಕ್ಕೆ ಬನ್ನಿ. ಕಾಳುಮೆಣಸು ಹಬ್ಬಿಸಿದ ಸಿಲ್ವರ್ ಓಕ್ ಮರ ಬೇಕಾದಷ್ಟಿದೆ. ಬಳ್ಳಿಯಿಲ್ಲದ ಒಂದು ನೆಟ್ಟಗಿನ ಕಾಂಡ ಆರಿಸಿಕೊಳ್ಳಿ. ಬಿದಿರಿನ ಸೀಳನ್ನು ಓರೆಯಾಗಿ ಸುತ್ತಿದರೆ ಸ್ಪ್ರಿಂಗ್ ಹಾಗೆ ಏರುತ್ತಾ ಹೋಗುತ್ತದೆ. ಅದೂ ಜಿಯೋಡೆಸಿಕ್ಕೇ. ನಂಬಿಕೆ ಬರದಿದ್ದರೆ ಕಾಂಡಕ್ಕೆ ಕಾಗದ ಸುತ್ತಿ, ಸೀಳಿನ ಪಕ್ಕದಲ್ಲೇ ಪೆನ್ಸಿಲ್ ಎಳೆದು, ಕಾಗದ ಬಿಚ್ಚಿ ಹಾಸಿ. ಸ್ಕೇಲ್ ಇಟ್ಟು ಎಳೆದಂಥ ನೇರ ಗೆರೆ ಕಾಣುತ್ತದೆ.

ಇಲ್ಲೇ ಇನ್ನೊಂದು ವಿಷಯ ನೋಡಿಬಿಡಿ. ಕಾಂಡದ ಬುಡದಲ್ಲಿ ಒಂದು ಚುಕ್ಕಿ, ಅದರ ನೇರಕ್ಕೆ ಎದೆಮಟ್ಟದಲ್ಲಿ ಇನ್ನೊಂದು ಚುಕ್ಕಿ. ಎರಡನ್ನೂ ಸೇರಿಸಲು ಸೀಳನ್ನು ಸೀದಾ ಮೇಲಕ್ಕೆ ಇಡಬಹುದು. ಒಂದು ಸುತ್ತು ಹಾಕಿಯೂ ಸೇರಿಸಬಹುದು. ಎರಡು, ಮೂರು, ಎಷ್ಟು ಸುತ್ತು ಬೇಕಾದರೂ ಆಗುತ್ತದೆ. ಎಲ್ಲವೂ ಜಿಯೋಡೆಸಿಕ್, ಯಾವುದರಲ್ಲೂ ಸೀಳು ಎಡಬಲ ಬಾಗಿಲ್ಲ. ಕಡಿಮೆ ದೂರದ್ದು ಮಾತ್ರ ಒಂದೇ. ಹಾಗಾಗಿ ಸರಿಯಾದ ಮಾತು ಇದು: ಜಿಯೋಡೆಸಿಕ್‌ನ ಒಂದು ಪುಟ್ಟ ತುಣುಕು ತೆಗೆದುಕೊಂಡರೆ ಅದು ತನ್ನೆರಡು ತುದಿಗಳ ನಡುವಿನ ಅತಿ ಗಿಡ್ಡ ದಾರಿ. ಇಡೀ ದಾರಿಗೆ ಆ ಖಾತರಿ ಇಲ್ಲ.

ಕಾವೇರಿಯ ವಿಷಯಕ್ಕೂ ಇದೇ ಸಂದರ್ಭದಲ್ಲಿ ಬರುತ್ತೇನೆ, ಯಾಕೆಂದರೆ ಹಲವರು ಹೊಳೆಯ ದಾರಿಯನ್ನು ಜಿಯೋಡೆಸಿಕ್‌ಗೆ ಉದಾಹರಣೆ ಮಾಡುತ್ತಾರೆ. ಅದು ಆಗುವುದಿಲ್ಲ. ತಲಕಾವೇರಿಯಿಂದ ಪಶ್ಚಿಮದ ಕಡಲು 50 ಕಿ.ಮೀ. ಕೂಡ ಇಲ್ಲ. ಆದರೂ ಕಾವೇರಿ ಪೂರ್ವಕ್ಕೆ ತಿರುಗಿ ಸುಮಾರು 800 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ. ಹರಿಯುವ ನೀರು ಇಳಿಜಾರು ಹುಡುಕುತ್ತದೆ, ಎಡಬಲ ತಿರುಗುತ್ತಲೇ ಇರುತ್ತದೆ. ಜಿಯೋಡೆಸಿಕ್‌ಗೆ ಇಳಿಜಾರಿನ ಹಂಗಿಲ್ಲ.

ಬಾಗಿದ ಮೇಲ್ಮೈಯ ಮೇಲಿನ ಇಂಥ ದಾರಿಗಳ ಬಗ್ಗೆ ಗಣಿತಜ್ಞ ಆಯ್ಲರ್ 1728ರಲ್ಲೇ ಬರೆದಿದ್ದ. ಆದರೆ ನನಗೆ ಅತಿ ಚಂದ ಕಾಣುವುದು ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲಿ ಮಂಡಿಸಿದ ಮಾತು. ಅದಕ್ಕೂ ಮೊದಲು ಗೌಸ್ ಹ್ಯಾನೋವರ್ ರಾಜ್ಯದ ಭೂಮಾಪನದಲ್ಲಿ ಬಯಲು ಬೆಟ್ಟ ಅಲೆದು ಕೋನ ಅಳೆದಿದ್ದ. ಅಳತೆಯವರ ಕೆಲಸದ ಮಣ್ಣು ಮೆತ್ತಿದ ಗಣಿತ ಅದು. ಅವನ ಮಾತು ಹೀಗೆ: ಒಂದು ಮೇಲ್ಮೈ ನಿಜವಾಗಿ ಬಾಗಿದೆಯೋ ಇಲ್ಲವೋ ಅನ್ನುವುದನ್ನು ಅದರಾಚೆಗೆ ಹೋಗಿ ನೋಡಬೇಕಿಲ್ಲ. ಅದರ ಮೇಲೇ ಓಡಾಡುವ ಇರುವೆ ಬರೀ ದೂರ ಅಳೆದು ಕಂಡುಹಿಡಿಯಬಹುದು. ಇದನ್ನು ಅವನು ‘ಅಪರೂಪದ ಪ್ರಮೇಯ’ ಅಂತಲೇ ಕರೆದ.

ಸಿಲ್ವರ್ ಓಕ್ ಕಾಂಡಕ್ಕೆ ಸುತ್ತಿದ ಕಾಗದ ಹರಿಯದೆ ಬಿಚ್ಚಿಕೊಂಡಿತು. ಕಿತ್ತಳೆ ಸಿಪ್ಪೆ ಬಿಚ್ಚಿ ಮೇಜಿಗೆ ಒತ್ತಿ ನೋಡಿ, ಹರಿಯದೆ ಚಪ್ಪಟೆ ಆಗುವುದೇ ಇಲ್ಲ. ಗೌಸ್‌ನ ಅರ್ಥದಲ್ಲಿ ಕಾಂಡ ಬಾಗಿಲ್ಲ, ಕಿತ್ತಳೆ ಬಾಗಿದೆ. ಕಣ್ಣಿಗೆ ಎರಡೂ ಗುಂಡು. ಕೆಂಪಿರುವೆಗೆ ಮಾತ್ರ ವ್ಯತ್ಯಾಸ ಗೊತ್ತು. ಹೇಗೆ? ಎರಡು ಇರುವೆಗಳು ಕಿತ್ತಳೆಯ ಸೊಂಟದಿಂದ ಅಕ್ಕಪಕ್ಕ ಹೊರಟು, ಎರಡೂ ಸೀದಾ ತೊಟ್ಟಿನ ಕಡೆಗೆ ಎಡಬಲ ತಿರುಗದೆ ನಡೆಯಲಿ. ಹೊರಡುವಾಗ ಸಮಾನಾಂತರ. ಕೊನೆಗೆ ತೊಟ್ಟಿನಲ್ಲಿ ಮುಖಕ್ಕೆ ಮುಖ ತಾಗುತ್ತವೆ. ಯಾರೂ ತಿರುಗಿಲ್ಲ, ಯಾರೂ ಯಾರನ್ನೂ ಎಳೆದಿಲ್ಲ. ಕಾಂಡದ ಮೇಲೆ ಹೀಗೆ ಆಗುವುದೇ ಇಲ್ಲ. ಈ ಎರಡು ಇರುವೆಗಳನ್ನು ದಯವಿಟ್ಟು ನೆನಪಿಡಿ. ಐನ್‌ಸ್ಟೀನ್ ಹತ್ತಿರ ಹೋಗುವಾಗ ಅವು ಬೇಕು.

ಬಾಗು ಅಳೆಯಲು ಇನ್ನೊಂದು ದಾರಿ ತ್ರಿಕೋನ. ಚಪ್ಪಟೆ ಕಾಗದದಲ್ಲಿ ಮೂರು ಕೋನ ಸೇರಿದರೆ 180 ಡಿಗ್ರಿ. ಗೋಳದ ಮೇಲೆ ಜಿಯೋಡೆಸಿಕ್‌ಗಳಿಂದ ತ್ರಿಕೋನ ಮಾಡಿದರೆ ಅದಕ್ಕಿಂತ ಜಾಸ್ತಿ. ಎಷ್ಟು ಜಾಸ್ತಿ ಅನ್ನುವುದು ತ್ರಿಕೋನದ ವಿಸ್ತೀರ್ಣಕ್ಕೆ ತಕ್ಕಂತೆ. ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿ.ಮೀ. ಅಷ್ಟು ದೊಡ್ಡ ತ್ರಿಕೋನವನ್ನು ಭೂಮಿಯ ಮೇಲೆ ಎಳೆದರೆ ಕೋನಗಳ ಮೊತ್ತ 180 ಡಿಗ್ರಿಯ ಮೇಲೆ ಸುಮಾರು 21 ಸೆಕೆಂಡ್ ಬರುತ್ತದೆ. ಇದು ಗಡಿಯಾರದ ಸೆಕೆಂಡ್ ಅಲ್ಲ, ಕೋನದ್ದು. ಒಂದು ಡಿಗ್ರಿಯಲ್ಲಿ ಅಂಥ 3,600 ಇರುತ್ತವೆ. ಬಹಳ ಸಣ್ಣದು ನಿಜ. ಆದರೆ 1802ರಲ್ಲಿ ಬ್ರಿಟಿಷ್ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಶುರು ಮಾಡಿ, ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತಾ ಮಂಗಳೂರಿನ ಕಡಲ ತೀರ ಮುಟ್ಟಿಸಿದ ಆ ಅಳತೆಯಲ್ಲಿ ಈ ಸೆಕೆಂಡುಗಳನ್ನು ಬಿಟ್ಟರೆ ಲೆಕ್ಕ ಕೂಡುತ್ತಿರಲಿಲ್ಲ.

1854ರಲ್ಲಿ ಗೌಸ್‌ನ ಶಿಷ್ಯ ರೀಮನ್ ಇದನ್ನು ಮೇಲ್ಮೈಯಿಂದ ಬಿಡಿಸಿ ಇಡೀ ಅವಕಾಶಕ್ಕೆ, ಅಂದರೆ ಸ್ಪೇಸ್‌ಗೆ, ಹಬ್ಬಿಸಿದ. ಮೂರು ಆಯಾಮ ಇರಲಿ, ನಾಲ್ಕಿರಲಿ, ದೂರ ಅಳೆಯುವ ನಿಯಮ ಒಂದಿದ್ದರೆ ಬಾಗೂ ಇದೆ, ಜಿಯೋಡೆಸಿಕ್ಕೂ ಇದೆ. ಅರವತ್ತು ವರ್ಷ ಈ ಗಣಿತ ಕಾದು ಕೂತಿತ್ತು.

ಇನ್ನು ಭೌತಶಾಸ್ತ್ರ. ನ್ಯೂಟನ್ ಪ್ರಕಾರ ಮೇಲೆ ಎಸೆದ ಚೆಂಡನ್ನು ಭೂಮಿ ಎಳೆಯುತ್ತದೆ, ಹಾಗಾಗಿ ಅದರ ದಾರಿ ಬಾಗುತ್ತದೆ. ಐನ್‌ಸ್ಟೀನ್ 1915ರ ನವೆಂಬರ್‌ನಲ್ಲಿ ಬೇರೆಯೇ ಹೇಳಿದ. ಚೆಂಡನ್ನು ಯಾರೂ ಎಳೆಯುತ್ತಿಲ್ಲ. ಅದು ಎಡಬಲ ತಿರುಗದೆ ತನ್ನ ಪಾಡಿಗೆ ಹೋಗುತ್ತಿದೆ. ಬಾಗಿರುವುದು ಅದು ಹೋಗುವ ನೆಲ. ಆ ‘ನೆಲ’ ಅಂದರೆ ಮೂರು ದಿಕ್ಕಿನ ಜೊತೆಗೆ ಕಾಲವೂ ಸೇರಿದ ದೇಶಕಾಲ. ಎರಡು ಇರುವೆಗಳು ತೊಟ್ಟಿನಲ್ಲಿ ಕೂಡಿದ್ದನ್ನು ಕಂಡವರು ‘ಏನೋ ಸೆಳೆತ ಇದೆ’ ಅನ್ನಬಹುದಿತ್ತು. ಅಲ್ಲಿದ್ದದ್ದು ಸೆಳೆತ ಅಲ್ಲ, ಕಿತ್ತಳೆಯ ಬಾಗು. ಗುರುತ್ವವೂ ಹಾಗೆಯೇ ಅಂತ ಐನ್‌ಸ್ಟೀನ್ ಅರ್ಥಮಾಡಿಕೊಂಡ.

ಇಲ್ಲಿ ಒಂದು ಅನುಮಾನ ಬರಬೇಕು. ನನಗೆ ಬಂದಿತ್ತು, ವರ್ಷಗಟ್ಟಲೆ ಕಾಡಿತ್ತು. ಕೊಡವರ ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಗುಂಡು ಹೆಚ್ಚುಕಡಿಮೆ ಗೆರೆ ಎಳೆದಂತೆ ಹೋಗುತ್ತದೆ. ಹಾಕಿ ಪಂದ್ಯದಲ್ಲಿ ಮೇಲೆತ್ತಿ ಹೊಡೆದ ಚೆಂಡು ಕಮಾನಿನ ಹಾಗೆ ಹೋಗಿ ಬೀಳುತ್ತದೆ. ಇಬ್ಬರಿಗೂ ನೆಲ ಒಂದೇ ಆದರೆ, ಒಬ್ಬರೂ ತಿರುಗದೆ ಹೋಗುವುದಾದರೆ, ಒಂದು ನೆಟ್ಟಗೆ, ಇನ್ನೊಂದು ಡೊಂಕು ಯಾಕೆ?

ಯಾಕೆಂದರೆ ನಾವು ಕಾಲವನ್ನು ಬಿಟ್ಟು ನೋಡುತ್ತಿದ್ದೇವೆ. ದೇಶಕಾಲದಲ್ಲಿ ಒಂದು ಸೆಕೆಂಡ್ ಅಂದರೆ ಬೆಳಕು ಒಂದು ಸೆಕೆಂಡಿನಲ್ಲಿ ಓಡುವಷ್ಟು ಉದ್ದ, 3 ಲಕ್ಷ ಕಿ.ಮೀ. ಚೆಂಡು ಎರಡು ಸೆಕೆಂಡ್ ಗಾಳಿಯಲ್ಲಿತ್ತು ಅನ್ನಿ. ಅಷ್ಟರಲ್ಲಿ ಅದು ಏರಿದ್ದು 4.9 ಮೀಟರ್. ಆದರೆ ಕಾಲದ ದಿಕ್ಕಿನಲ್ಲಿ ಅದು 6 ಲಕ್ಷ ಕಿ.ಮೀ. ಸಾಗಿದೆ. ಆರು ಲಕ್ಷ ಕಿ.ಮೀ. ಉದ್ದದ ದಾರಿಯಲ್ಲಿ ಐದು ಮೀಟರಿನ ಉಬ್ಬು! ನೆಲದ ಮೇಲೆ ನಿಂತ ನಮಗೆ ಆ ಉಬ್ಬು ಒಂದು ದೊಡ್ಡ ವೃತ್ತದ ತುಣುಕಿನ ಹಾಗೆ ಕಾಣಬೇಕು ಅಂದುಕೊಂಡು ಲೆಕ್ಕ ಹಾಕಿದರೆ ಆ ವೃತ್ತದ ತ್ರಿಜ್ಯ ಹತ್ತಿರ ಹತ್ತಿರ ಒಂದು ಜ್ಯೋತಿರ್ವರ್ಷ, ಅಂದರೆ ಬೆಳಕು ಒಂದು ವರ್ಷದಲ್ಲಿ ಓಡುವಷ್ಟು ದೂರ, ಬರುತ್ತದೆ. ಈಗ ಗುಂಡಿಗೂ ಇದೇ ಲೆಕ್ಕ ಮಾಡಿ. ಅದು ಗಾಳಿಯಲ್ಲಿರುವುದು ಸೆಕೆಂಡಿನ ಸಣ್ಣ ಪಾಲು. ಆ ಪಾಲಿನಲ್ಲಿ ಅದರ ದಾರಿ ಬಾಗುವುದು ಕಣ್ಣಿಗೇ ಬೀಳುವುದಿಲ್ಲ. ಆದರೆ ತ್ರಿಜ್ಯ? ಅದೇ, ಒಂದು ಜ್ಯೋತಿರ್ವರ್ಷದ ಆಸುಪಾಸು. ಗುಂಡಿಗೂ ಚೆಂಡಿಗೂ ಬಾಗು ಒಂದೇ. ಒಂದು ಆ ವೃತ್ತದ ಉದ್ದ ತುಣುಕು, ಇನ್ನೊಂದು ಗಿಡ್ಡ ತುಣುಕು. ಈ ಲೆಕ್ಕ ಮೊದಲ ಸಲ ಮಾಡಿ ನೋಡಿದ ದಿನ ನಾನು ಪೆನ್ನು ಕೆಳಗಿಟ್ಟು ಸುಮ್ನೆ ಕೂತುಬಿಟ್ಟಿದ್ದೆ.

‘ಕಡಿಮೆ ದೂರ’ ಅನ್ನುವ ಅರ್ಥ ಎಡವುವುದು ಇಲ್ಲೇ. ದೇಶಕಾಲದಲ್ಲಿ ಅಳೆಯುವ ಕೋಲು ಗಡಿಯಾರ. ಚೆಂಡಿಗೇ ಒಂದು ಗಡಿಯಾರ ಕಟ್ಟಿ ಎಸೆಯುತ್ತೇವೆ ಅಂದುಕೊಳ್ಳಿ. ಎರಡು ನಿಯಮ ಇವೆ. ಎತ್ತರದಲ್ಲಿರುವ ಗಡಿಯಾರ ಬೇಗ ಓಡುತ್ತದೆ. ಜೋರಾಗಿ ಚಲಿಸುವ ಗಡಿಯಾರ ನಿಧಾನ ಆಗುತ್ತದೆ. ಈಗ ಚೆಂಡು ನಿಮ್ಮ ಕೈಬಿಟ್ಟು ಸರಿಯಾಗಿ ಎರಡು ಸೆಕೆಂಡಿಗೆ ವಾಪಸ್ ಕೈಗೆ ಬರಬೇಕು. ತನ್ನ ಗಡಿಯಾರದಲ್ಲಿ ಅತಿ ಹೆಚ್ಚು ಸಮಯ ದಾಖಲಾಗಬೇಕೆಂದರೆ ಅದು ಹೇಗೆ ಹೋಗಬೇಕು? ಕೈಯಲ್ಲೇ ಕೂತರೆ ಎತ್ತರದ ಲಾಭ ಸಿಗುವುದಿಲ್ಲ. ತುಂಬಾ ಎತ್ತರಕ್ಕೆ ಹೋಗಿ ಬರಲು ಹೊರಟರೆ ವೇಗ ಹೆಚ್ಚಬೇಕು, ಆಗ ವೇಗದಿಂದ ನಷ್ಟ. ಲಾಭ ನಷ್ಟ ತೂಗಿ ನೋಡಿದರೆ ಒಂದೇ ಒಂದು ದಾರಿ ಗೆಲ್ಲುತ್ತದೆ. 4.9 ಮೀಟರ್ ಏರಿ ಇಳಿಯುವ ದಾರಿ. ಚೆಂಡು ಹೋಗುವುದೂ ಅದರಲ್ಲೇ! ದೇಶಕಾಲದ ಈ ಜಿಯೋಡೆಸಿಕ್ ಅತಿ ಗಿಡ್ಡ ದಾರಿ ಅಲ್ಲ, ಅತಿ ಹೆಚ್ಚು ಸಮಯದ ದಾರಿ. ಎಡಬಲ ತಿರುಗದ ದಾರಿ ಅನ್ನುವ ಅರ್ಥ ಮಾತ್ರ ಕಿತ್ತಳೆಯಲ್ಲೂ ಇಲ್ಲೂ ಹಾಗೇ ಉಳಿಯುತ್ತದೆ.

ಎತ್ತರದಲ್ಲಿ ಗಡಿಯಾರ ಬೇಗ ಓಡುವುದು ಬರೀ ಪುಸ್ತಕದ ಮಾತಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಮೇಲಿದೆ. ಮಂಗಳೂರಿನ ಕಡಲ ತೀರದ ಗಡಿಯಾರಕ್ಕೆ ಹೋಲಿಸಿದರೆ ಇಲ್ಲಿನ ಗಡಿಯಾರ ವರ್ಷಕ್ಕೆ ಸುಮಾರು 4 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತದೆ (ಒಂದು ಸೆಕೆಂಡಿನಲ್ಲಿ ಅಂಥ ಹತ್ತು ಲಕ್ಷ ಇರುತ್ತವೆ). 1,748 ಮೀಟರಿನ ತಡಿಯಂಡಮೋಳ್ ತುದಿಯಲ್ಲಿ ಸುಮಾರು 6. ಜಿಪಿಎಸ್ ಉಪಗ್ರಹಗಳಲ್ಲಿ ಎತ್ತರದ ಲಾಭ ದಿನಕ್ಕೆ 45 ಮೈಕ್ರೋಸೆಕೆಂಡ್, ವೇಗದ ನಷ್ಟ 7. ಉಳಿದ 38ನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ 10 ಕಿ.ಮೀ.ಗೂ ಮೀರಿ ತಪ್ಪು ಕೂಡಿಕೊಳ್ಳುತ್ತದೆ. ವಿರಾಜಪೇಟೆಗೆ ಹೊರಟವರನ್ನು ಫೋನು ಎಲ್ಲೆಲ್ಲಿಗೋ ಕರೆದೊಯ್ಯುತ್ತಿತ್ತು.

ಹಾಗಾದರೆ ಕುರ್ಚಿಯಲ್ಲಿ ಕೂತ ನಾವು? ನಾವೇ ಜಿಯೋಡೆಸಿಕ್ ಬಿಟ್ಟವರು. ಕುರ್ಚಿ ಕ್ಷಣಕ್ಷಣವೂ ನಮ್ಮನ್ನು ಮೇಲಕ್ಕೆ ತಳ್ಳಿ ದಾರಿ ತಪ್ಪಿಸುತ್ತಿದೆ. ಆ ತಳ್ಳುವಿಕೆಗೇ ನಾವು ತೂಕ ಅನ್ನುತ್ತೇವೆ. ಅಬ್ಬಿ ಜಲಪಾತದಲ್ಲಿ ಬಂಡೆಯ ಅಂಚು ಬಿಟ್ಟ ನೀರಹನಿ, ಗಾಳಿಯ ತಡೆ ಲೆಕ್ಕಕ್ಕೆ ಹಿಡಿಯದಿದ್ದರೆ, ಕೆಳಗಿನ ಬಂಡೆಗೆ ಬಡಿಯುವವರೆಗೂ ಜಿಯೋಡೆಸಿಕ್ ಮೇಲಿರುತ್ತದೆ. ಹರಿಯುವ ಹೊಳೆ ಜಿಯೋಡೆಸಿಕ್ ಅಲ್ಲ ಅಂದಿದ್ದೆ. ಬೀಳುವ ಹೊಳೆ ಹೌದು.

ಬೆಳಕಿನ ವಿಷಯಕ್ಕೆ ಕಾಗದದ ಒಂದು ಆಟ ಇದೆ. ಗುಂಡಗೆ ಕಾಗದ ಕತ್ತರಿಸಿ, ಅದರಿಂದ ಸಪೂರ ಹೋಳೊಂದನ್ನು ತೆಗೆದು, ಅಂಚು ಕೂಡಿಸಿ ಟೋಪಿಯ ಹಾಗೆ ಅಂಟಿಸಿ. ತುದಿಯ ಎಡಕ್ಕೊಂದು, ಬಲಕ್ಕೊಂದು, ಸಮಾನಾಂತರವಾಗಿ ಎರಡು ಸೆಲ್ಲೋಟೇಪ್ ಅಂಟಿಸುತ್ತಾ ಹೋಗಿ. ಸುಕ್ಕಿಲ್ಲದಂತೆ ಅಂಟಿಸಿದರೆ ತುದಿ ದಾಟಿದ ಮೇಲೆ ಅವು ಒಂದಕ್ಕೊಂದು ಹತ್ತಿರ ಬಂದು ಕೂಡುತ್ತವೆ. ಸೂರ್ಯನ ಪಕ್ಕದಲ್ಲಿ ಹಾದುಬರುವ ನಕ್ಷತ್ರದ ಬೆಳಕಿಗೆ ಆಗುವುದೂ ಹೀಗೆಯೇ. ಸೂರ್ಯನ ಅಂಚು ಸವರಿ ಬಂದ ಬೆಳಕು 1.75 ಸೆಕೆಂಡ್ ಕೋನದಷ್ಟು ಬಾಗಬೇಕು ಅಂತ ಐನ್‌ಸ್ಟೀನ್ ಹೇಳಿದ್ದ. 1919ರ ಮೇ 29ರ ಪೂರ್ಣ ಗ್ರಹಣದಲ್ಲಿ ಇಂಗ್ಲೆಂಡಿನ ಖಗೋಳವಿಜ್ಞಾನಿ ಎಡಿಂಗ್ಟನ್ ಆಫ್ರಿಕಾ ಬಳಿಯ ಪ್ರಿನ್ಸಿಪೆ ದ್ವೀಪದಿಂದ, ಇನ್ನೊಂದು ತಂಡ ಬ್ರೆಜಿಲಿನ ಸೊಬ್ರಾಲ್‌ನಿಂದ ಚಿತ್ರ ತೆಗೆದರು. ಅಳತೆ ಐನ್‌ಸ್ಟೀನ್ ಕಡೆಗೆ ನಿಂತಿತು. ನೂರು ವರ್ಷ ಕಳೆದು, 2019ರ ಡಿಸೆಂಬರ್ 26ರ ಬೆಳಗ್ಗೆ, ನಮ್ಮ ಕೊಡಗಿನ ಮೇಲೇ ಕಂಕಣ ಗ್ರಹಣ ಹಾದುಹೋಯಿತು. ಕುಟ್ಟದ ಕಡೆಗೆ ದೂರದೂರದಿಂದ ಜನ ಬಂದಿದ್ದರು. ಕಂಕಣದಲ್ಲಿ ಸೂರ್ಯನ ಬಳೆ ಉಳಿದುಬಿಡುವುದರಿಂದ ನಕ್ಷತ್ರ ಕಾಣಿಸುವುದಿಲ್ಲ, ಬಾಗು ಅಳೆಯುವಂತಿಲ್ಲ. ಆದರೂ ಆ ಉಂಗುರವನ್ನು ನೆನೆದಾಗೆಲ್ಲ ನನಗೆ 1919ರ ಆ ಫೋಟೋ ಫಲಕಗಳು ನೆನಪಾಗುತ್ತವೆ.

ನಮ್ಮ ದೇಶದವರ ಪಾಲೂ ಇದರಲ್ಲಿ ದೊಡ್ಡದು. ಒಂದು ಜಿಯೋಡೆಸಿಕ್ ಬದಲು ಒಂದು ಕಟ್ಟು ಜಿಯೋಡೆಸಿಕ್‌ಗಳನ್ನು, ಬಿದಿರು ಸೀಳುಗಳ ಕಂತೆಯ ಹಾಗೆ, ಒಟ್ಟಿಗೆ ಬಿಟ್ಟರೆ ಆ ಕಂತೆ ಹೇಗೆ ಬಿಗಿಯುತ್ತದೆ, ಹೇಗೆ ಸಡಿಲುತ್ತದೆ? ಅದನ್ನು ಹೇಳುವ ಸಮೀಕರಣವನ್ನು ಕೊಲ್ಕತ್ತಾದ ಅಮಲ್ ಕುಮಾರ್ ರಾಯ್‌ಚೌಧುರಿ 1955ರಲ್ಲಿ ಪ್ರಕಟಿಸಿದರು. ದೊಡ್ಡ ನಕ್ಷತ್ರ ಕುಸಿದಾಗ ಒಳಗಿನ ಜಿಯೋಡೆಸಿಕ್‌ಗಳು ಮುಂದೆ ದಾರಿಯೇ ಇಲ್ಲದೆ ಕೊನೆಯಾಗುತ್ತವೆ ಅಂತ ಪೆನ್‌ರೋಸ್ 1965ರಲ್ಲಿ ತೋರಿಸಿದ್ದರ ಹಿಂದೆ ಇದೇ ಬಗೆಯ ಲೆಕ್ಕ ಇದೆ. ಪೆನ್‌ರೋಸ್‌ಗೆ 2020ರಲ್ಲಿ ನೊಬೆಲ್ ಬಂತು. ಹಾಗೆ ಕುಸಿದ ನಕ್ಷತ್ರದಿಂದ ಆಗುವ ಕಪ್ಪು ಕುಳಿಯನ್ನು ಕದಲಿಸಿದರೆ ಅದು ಗಂಟೆಯ ಹಾಗೆ ಮಿಡಿದು ತಣ್ಣಗಾಗುತ್ತದೆ ಅಂತ 1970ರಲ್ಲಿ ತೋರಿಸಿದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. ಬೆಂಗಳೂರಿನ ನೆಹರು ತಾರಾಲಯ ಕಟ್ಟಿ ಬೆಳೆಸಿದವರೂ ಅವರೇ.

ತಾರಾಲಯದ ಮಾತು ಬಂತು, ಅಲ್ಲಿಂದಲೇ ಕಟ್ಟಡಕ್ಕೆ ಹೋಗಬಹುದು. ಮೊದಲ ಜಿಯೋಡೆಸಿಕ್ ಗುಮ್ಮಟ ಹುಟ್ಟಿದ್ದೇ ತಾರಾಲಯಕ್ಕಾಗಿ. ಜರ್ಮನಿಯ ಯೇನಾ ಊರಿನಲ್ಲಿ, ಝೈಸ್ ಕಂಪನಿಯ ವಾಲ್ಟರ್ ಬೌವರ್ಸ್‌ಫೆಲ್ಡ್ 1920ರ ದಶಕದ ಶುರುವಿನಲ್ಲಿ ಅದನ್ನು ಕಟ್ಟಿದ. ಆದರೆ ಹೆಸರಾದದ್ದು ಅಮೆರಿಕದ ಬಕ್‌ಮಿನ್‌ಸ್ಟರ್ ಫುಲ್ಲರ್. 1954ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. 1967ರ ಮಾಂಟ್ರಿಯಲ್ ಪ್ರದರ್ಶನಕ್ಕೆ 76 ಮೀಟರ್ ಅಗಲದ ಗುಮ್ಮಟ ಎದ್ದಿತು. ಅದರ ಅಕ್ರಿಲಿಕ್ ಹೊದಿಕೆ 1976ರಲ್ಲಿ ಸುಟ್ಟುಹೋಯಿತು. ಉಕ್ಕಿನ ಹಂದರ ಇವತ್ತಿಗೂ ನಿಂತಿದೆ. ಅಹಮದಾಬಾದಿನಲ್ಲಿ ಗೌತಮ್ ಮತ್ತು ಗಿರಾ ಸಾರಾಭಾಯಿ ಕಟ್ಟಿಸಿದ ಕ್ಯಾಲಿಕೋ ಗುಮ್ಮಟ ಮಾತ್ರ 2001ರ ಭೂಕಂಪದಲ್ಲಿ ಬಿತ್ತು.

ಗುಮ್ಮಟದಲ್ಲಿ ಬಳಸುವ ಕಂಬಿಗಳೆಲ್ಲ ನೆಟ್ಟಗಿರುತ್ತವೆ. ಹಾಗಿರುವಾಗ ಜಿಯೋಡೆಸಿಕ್ ಎಲ್ಲಿಂದ ಬಂತು? ಗೋಳವೊಂದನ್ನು ಊಹಿಸಿ, ಅದರ ಮೇಲೆ ಮಹಾವೃತ್ತಗಳ ಬಲೆ ಹಾಸಿ, ಬಲೆಯ ಗಂಟುಗಳನ್ನು ಕಂಬಿಯಿಂದ ಸೇರಿಸುತ್ತಾರೆ. ಸಿಗುವುದೆಲ್ಲ ತ್ರಿಕೋನ. ನಾಲ್ಕು ಕಡ್ಡಿಯ ಚೌಕಟ್ಟನ್ನು ಒತ್ತಿದರೆ ವಾಲುತ್ತದೆ. ಮೂರರದ್ದು ವಾಲುವುದಿಲ್ಲ. ಕಡ್ಡಿ ಮುರಿದರೆ ಮಾತ್ರ ಆಕಾರ ಕೆಡುತ್ತದೆ. ಮೇಲಿಂದ ಬಿದ್ದ ಭಾರ ಒಂದು ಗಂಟಿನಿಂದ ಐದಾರು ಕಡೆಗೆ ಹಂಚಿಹೋಗುತ್ತದೆ. ಒಳಗೆ ಕಂಬ ಬೇಡ, ಸಾಮಾನು ಕಡಿಮೆ ಸಾಕು.

ಕೊಡಗಿನ ಮಳೆಗೆ ಇದು ಒಗ್ಗುತ್ತದೆಯೇ? ಈಗೀಗ ಹೋಂಸ್ಟೇಗಳಲ್ಲಿ ಡೋಮ್ ಟೆಂಟ್ ಬಂದಿವೆ. ಜುಲೈ ತಿಂಗಳ ಒಂದು ರಾತ್ರಿ ನಾನು ಅಂಥದ್ದರಲ್ಲಿ ಮಲಗಿದ್ದೆ. ಗಾಳಿಗೆ ಹಂದರ ಅಲುಗಲಿಲ್ಲ. ಆದರೆ ಹೊಲಿಗೆಯ ಸಂದಿಯಲ್ಲಿ ನೀರು ಜಿನುಗಿ ಹಾಸಿಗೆ ಒದ್ದೆಯಾಯಿತು. ಗುಮ್ಮಟದ ಹಳೇ ಕಾಯಿಲೆ ಇದು. ತ್ರಿಕೋನ ಹೆಚ್ಚಿದಷ್ಟೂ ಸಂದಿ ಹೆಚ್ಚು. ಭಾಗಮಂಡಲದಂಥ ಕಡೆ ಗಟ್ಟಿಯಾಗಿ ಇಳಿಜಾರಾದ ಹೆಂಚಿನ ಮಾಡೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಗುಮ್ಮಟಕ್ಕೆ ಒಂದೇ ತುಂಡಿನ ಹೊದಿಕೆ ಹಾಕುವುದಾದರೆ ಬೇರೆ ಮಾತು.

ಹೊದಿಕೆ ಬಟ್ಟೆಯ ಕತ್ತರಿಯಲ್ಲೂ ಜಿಯೋಡೆಸಿಕ್ ಇದೆ. ದೊಡ್ಡ ಟೆಂಟ್ ಮಾಡುವ ಎಂಜಿನಿಯರುಗಳು ಹೊಲಿಗೆಯ ಗೆರೆಗಳನ್ನು ಜಿಯೋಡೆಸಿಕ್ ಮೇಲೆ ಇಡಲು ನೋಡುತ್ತಾರೆ. ಆಗ ಬಟ್ಟೆಯ ಪಟ್ಟಿಗಳು ಹೆಚ್ಚುಕಡಿಮೆ ನೇರವಾಗಿ ಬರುತ್ತವೆ, ಕತ್ತರಿಸಿ ಬಿಸಾಡುವುದು ಕಡಿಮೆ. ಜೋರು ಒತ್ತಡದ ಅನಿಲ ತುಂಬುವ ಹಗುರ ಸಿಲಿಂಡರುಗಳ ಮೇಲೆ ಸುತ್ತುವ ನಾರಿಗೂ ಇದೇ ದಾರಿ ಇಷ್ಟ. ಬಿಂದಿಗೆಗೆ ಹಗ್ಗ ಬಿಗಿದು ಸುತ್ತಿ ನೋಡಿದವರಿಗೆ ಗೊತ್ತು, ತಪ್ಪು ಓರೆಯಲ್ಲಿ ಸುತ್ತಿದ ಹಗ್ಗ ಜಾರುತ್ತದೆ. ಜಿಯೋಡೆಸಿಕ್ ಮೇಲೆ ಕೂತದ್ದು ಜಾರುವುದಿಲ್ಲ.

ನೀವೇ ಒಂದು ಗುಮ್ಮಟ ಮಾಡಿ. ಹಳೇ ಪೇಪರನ್ನು ಸುರುಳಿ ಸುತ್ತಿ ಕಡ್ಡಿ ಮಾಡಿಕೊಂಡರೆ ಸಾಕು, ಮಕ್ಕಳಿದ್ದರೆ ಒಂದು ಭಾನುವಾರದ ಕೆಲಸ. ಒಂದು ಮೀಟರ್ ತ್ರಿಜ್ಯದ ಗುಮ್ಮಟಕ್ಕೆ ಎರಡೇ ಅಳತೆ: 62 ಸೆಂಟಿಮೀಟರಿನ ಉದ್ದ ಕಡ್ಡಿ 35, 55 ಸೆಂಟಿಮೀಟರಿನ ಗಿಡ್ಡ ಕಡ್ಡಿ 30. ಮೊದಲು ನೆಲದ ಮೇಲೆ 10 ಉದ್ದ ಕಡ್ಡಿಗಳ ಬಳೆ. ಗಿಡ್ಡ ಕಡ್ಡಿಗಳನ್ನು ಐದೈದಾಗಿ ಚಕ್ರದ ಅರಗಳ ಹಾಗೆ ಒಂದು ಗಂಟಿಗೆ ಕಟ್ಟಿ, ಅಂಥ ಆರು ಗಂಟು. ಒಂದು ನೆತ್ತಿಗೆ, ಐದು ಸುತ್ತಲೂ. ಪ್ರತಿ ಚಕ್ರದ ಅರಗಳ ತುದಿಗಳನ್ನು ಉದ್ದ ಕಡ್ಡಿ ಸೇರಿಸಿ ಐದು ಮೂಲೆಯ ಬಳೆ ಮಾಡುತ್ತದೆ. ಎಲ್ಲ ಕೂಡಿದಾಗ 26 ಗಂಟು, 40 ತ್ರಿಕೋನ.

ಕಟ್ಟಿ ಮುಗಿದ ಮೇಲೆ ಗಿಡ್ಡ ಕಡ್ಡಿಗಳನ್ನು ಮರೆತು ಉದ್ದದವನ್ನು ಮಾತ್ರ ನೋಡಿ. ಬುಡದ ಬಳೆಯ ಹತ್ತು ಬಿಟ್ಟರೆ 25 ಉಳಿದವು. ಬಳೆಯ ಒಂದು ಮೂಲೆಯಿಂದ ಹತ್ತಿ, ಎಡಬಲ ತಿರುಗದೆ, ಗಂಟಿನಿಂದ ಗಂಟಿಗೆ ಮುಂದಕ್ಕೇ ಹೋಗಿ. ಐದು ಕಡ್ಡಿ ದಾಟಿದಾಗ ಎದುರಿನ ಮೂಲೆಗೆ ಇಳಿದಿರುತ್ತೀರಿ. ಅಂಥ ಕಮಾನುಗಳು ಐದು, ಒಂದೊಂದೂ ಅರ್ಧ ಮಹಾವೃತ್ತ. ಈಗ ಮೂರು ಮೀಟರಿಗೂ ಸ್ವಲ್ಪ ಉದ್ದದ ಬಿದಿರಿನ ಸೀಳೊಂದನ್ನು ಒಂದು ಮೂಲೆಯಲ್ಲಿ ಹಿಡಿದು ಕಮಾನಿನ ಮೇಲೆ ಮೆಲ್ಲಗೆ ಬಗ್ಗಿಸುತ್ತಾ ಹೋಗಿ. ಅದು ಐದೂ ಕಡ್ಡಿಗಳ ಮೇಲೆ ಮಲಗಿ, ಎಲ್ಲೂ ಅಂಚು ಏಳದೆ, ಆ ಕಡೆಯ ನೆಲ ಮುಟ್ಟುತ್ತದೆ.